ಹೊಗೆ ಎಲ್ಲಿಗೆ ಹೋಗುತ್ತದೆ?

ಅಕ್ಕಂದಿರೇ, ತಂಗಿಯರೇ, ಒಂದು ಪ್ರಶ್ನೆಯಿಂದ ಈ ಪಾಠ ಶುರು ಮಾಡೋಣ. ನಾವು ಒಲೆ ಹಚ್ಚುತ್ತೇವೆ. ಹೊಗೆ ಏಳುತ್ತದೆ. ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಆಮೇಲೆ?

"ಮ್ಯಾಲೆ ಹೋಗಿ ಕರಗತೈತಿ ಬಿಡ್ರಿ ಅಕ್ಕೋರ" ಎಂದು ನಮ್ಮ ಕಲಿಕಾ ಕೇಂದ್ರಗಳಲ್ಲಿ ಬಹಳ ಮಂದಿ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಹೊಗೆಯಲ್ಲಿ ಬಹಳ ಸಣ್ಣ ಮಸಿಯ ಕಣಗಳು ಇರುತ್ತವೆ. ಪಾತ್ರೆಯ ತಳಕ್ಕೆ ಹತ್ತಿಕೊಳ್ಳುವ ಮಸಿಯೂ ಅದೇ. ಅದು ಗಾಳಿಯಲ್ಲಿ ಕರಗುವುದಿಲ್ಲ. ಹರಡಿಕೊಳ್ಳುತ್ತದೆ. ಕೆಲವು ದಿನ, ಒಂದೆರಡು ವಾರ ಗಾಳಿಯಲ್ಲಿ ತೇಲುತ್ತದೆ. ಮಳೆ ಬಂದರೆ ತೊಳೆದು ನೆಲಕ್ಕೆ ಬೀಳುತ್ತದೆ.

ಆದರೆ ಕೆಲವು ಸಲ ಹೊಗೆ ಮಳೆಗೂ ಸಿಗದಷ್ಟು ಮೇಲೆ ಹೋಗಿಬಿಡುತ್ತದೆ. ಅದು ಹೇಗೆ? ನೋಡೋಣ ಬನ್ನಿ.

ಮೊದಲು ಆಕಾಶದ ಅಳತೆ ತಿಳಿಯಬೇಕು. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್. ಆ ರಸ್ತೆಯನ್ನು ಏಣಿಯ ಹಾಗೆ ನೆಟ್ಟಗೆ ನಿಲ್ಲಿಸಿದೆವು ಎಂದುಕೊಳ್ಳಿ. ಅದರ ತುದಿಗೆ ಹತ್ತಿದರೂ ನಮ್ಮ ಸೀಮೆಯಲ್ಲಿ ಮಳೆ ಮೋಡದ ಆಕಾಶ ಮುಗಿಯುವುದಿಲ್ಲ. ಅದು ಮುಗಿಯುವುದು 16-17 ಕಿಲೋಮೀಟರ್ ಎತ್ತರದಲ್ಲಿ. ಕೆನಡಾದಂಥ ಚಳಿ ದೇಶಗಳಲ್ಲಿ 10-12 ಕಿಲೋಮೀಟರಿಗೇ ಮುಗಿಯುತ್ತದೆ. ಅದರ ಮೇಲೆ ಇನ್ನೊಂದು ಪದರ ಇದೆ. ಅಲ್ಲಿ ಮೇಲೆ ಹೋದಂತೆ ಗಾಳಿ ಬೆಚ್ಚಗಾಗುತ್ತದೆ. ಆದ್ದರಿಂದ ಕೆಳಗಿನ ಮೋಡ ಅದನ್ನು ದಾಟಿ ಏರಲಾರದು. ಗಡಿಗೆಗೆ ಮುಚ್ಚಳ ಮುಚ್ಚಿದ ಹಾಗೆ. ಆ ಮುಚ್ಚಳದ ಮೇಲೆ ಮಳೆ ಇಲ್ಲ, ಗುಡುಗಿಲ್ಲ.

ಈಗ ಅಡವಿಗೆ ಬೆಂಕಿ ಬಿತ್ತು ಎನ್ನೋಣ. ಸಣ್ಣ ಬೆಂಕಿಯಲ್ಲ. ದೊಡ್ಡ ದೊಡ್ಡ ಮರಗಳು ಬುಡದಿಂದ ತುದಿಯವರೆಗೆ ಧಗಧಗ ಉರಿಯುವ ಬೆಂಕಿ. ಕಾದ ಗಾಳಿ ಹಗುರ, ಜೋರಾಗಿ ಮೇಲೆ ಏರುತ್ತದೆ. ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಮೇಲೆ ತಂಪು ಇರುತ್ತದೆ. ಗಾಳಿಯಲ್ಲಿದ್ದ ನೀರಿನ ಆವಿ ಅಲ್ಲಿ ಹನಿಯಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳಕ್ಕೆ ಹನಿ ಕಟ್ಟುತ್ತದಲ್ಲ, ಹಾಗೆ.

ಇಲ್ಲಿ ಒಂದು ವಿಚಾರ ಗಮನಿಸಿ. ಕುದಿಯುವ ಪಾತ್ರೆಯ ಆವಿಗೆ ಕೈ ತಾಗಿದರೆ ಎಷ್ಟು ಜೋರಾಗಿ ಸುಡುತ್ತದೆ, ನಮಗೆಲ್ಲ ಗೊತ್ತು. ಆವಿ ಕೈಮೇಲೆ ನೀರಾಗುವಾಗ ತನ್ನೊಳಗಿನ ಕಾವನ್ನು ಬಿಟ್ಟುಕೊಡುತ್ತದೆ. ಮೋಡದಲ್ಲೂ ಹೀಗೇ. ಆವಿ ಹನಿಯಾಗುವಾಗ ಕಾವು ಬಿಡುತ್ತದೆ. ಆ ಕಾವಿನಿಂದ ಗಾಳಿ ಇನ್ನೂ ಮೇಲೆ ಏರುತ್ತದೆ. ಬೆಂಕಿ ಕೆಳಗಿನಿಂದ ನೂಕುತ್ತದೆ, ಆವಿ ಒಳಗಿನಿಂದ ನೂಕುತ್ತದೆ. ಕೊನೆಗೆ ಕರಿ ಗುಡುಗು ಮೋಡವೇ ಎದ್ದು ನಿಲ್ಲುತ್ತದೆ. ವಿಜ್ಞಾನಿಗಳು ಇದನ್ನು ಪೈರೋಕ್ಯುಮುಲೋನಿಂಬಸ್ ಎನ್ನುತ್ತಾರೆ. ನಾಲಿಗೆ ಹೊರಳುವುದು ಕಷ್ಟ! ನಾವು "ಬೆಂಕಿ ಮೋಡ" ಎನ್ನೋಣ.

ಮೋಡ ಬಂತು, ಮಳೆ ಬಂದು ಬೆಂಕಿ ಆರಿಸುತ್ತದೆ ಎಂದು ಅನಿಸಬಹುದು. ಹೆಚ್ಚಾಗಿ ಹಾಗೆ ಆಗುವುದಿಲ್ಲ. ಹೊಗೆಯ ಕಣಗಳು ಕೋಟಿಗಟ್ಟಲೆ. ಒಂದೊಂದು ಕಣಕ್ಕೂ ಒಂದೊಂದು ಚೂರು ನೀರು ಹಂಚಿ ಹೋಗುತ್ತದೆ. ಒಂದು ಸೇರು ಹಿಟ್ಟನ್ನು ನೂರು ಮಂದಿಗೆ ಹಂಚಿದರೆ ಯಾರಿಗೂ ರೊಟ್ಟಿ ಆಗುವುದಿಲ್ಲ. ಹಾಗೇ ಹನಿ ದಪ್ಪ ಆಗುವುದೇ ಇಲ್ಲ. ಮಳೆ ಸರಿಯಾಗಿ ಬೀಳುವುದಿಲ್ಲ. ಹೊಗೆ ತೊಳೆದು ಹೋಗುವುದಿಲ್ಲ. ಸಿಡಿಲು ಮಾತ್ರ ಬೀಳುತ್ತದೆ.

2009ರ ಫೆಬ್ರವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಹೀಗೇ ಆಯಿತು. ಬೆಂಕಿ ಮೋಡದ ಸಿಡಿಲು 100 ಕಿಲೋಮೀಟರ್ ಆಚೆ ಹೊಸ ಬೆಂಕಿ ಹಚ್ಚಿತು. ಹೊಸಪೇಟೆಯಿಂದ ಬಳ್ಳಾರಿಗಿಂತಲೂ ದೂರ! ಆ ಕಾಡ್ಗಿಚ್ಚುಗಳಲ್ಲಿ 173 ಮಂದಿ ಸತ್ತರು.

ಅದೇ ದೇಶದಲ್ಲಿ 2019ರ ಡಿಸೆಂಬರ್ ಕೊನೆ, 2020ರ ಜನವರಿ ಮೊದಲಲ್ಲಿ ಮತ್ತೆ ಭಾರೀ ಬೆಂಕಿ ಬಿತ್ತು. ಒಂದರ ಹಿಂದೆ ಒಂದು ಬೆಂಕಿ ಮೋಡ ಎದ್ದವು. ಲಕ್ಷಗಟ್ಟಲೆ ಟನ್ ಹೊಗೆ ಮುಚ್ಚಳ ದಾಟಿತು. ದಾಟಿದ ಮೇಲೂ ನಿಲ್ಲಲಿಲ್ಲ. ಕರಿ ಸೀರೆ ಉಟ್ಟು ಬಿಸಿಲಿಗೆ ಹೋದರೆ ಮೈ ಹೆಚ್ಚು ಕಾಯುತ್ತದೆ. ಮಸಿಯೂ ಕರಿ. ಬಿಸಿಲು ಹೀರಿ ಕಾಯಿತು, ಸುತ್ತಲ ಗಾಳಿಯನ್ನು ಕಾಯಿಸಿತು, ಮತ್ತೆ ಏರಿತು. ಹೊಗೆಯ ಒಂದು ದೊಡ್ಡ ಸುಳಿ ಸುಮಾರು 1000 ಕಿಲೋಮೀಟರ್ ಅಗಲ ಇತ್ತು. ನಾವು ಬೆಂಗಳೂರಿಗೆ ಹೋಗಿ ಬಂದರೂ ಅಷ್ಟು ದೂರ ಆಗುವುದಿಲ್ಲ. ಅದು 35 ಕಿಲೋಮೀಟರ್ ಎತ್ತರಕ್ಕೆ ಹೋಯಿತು. ಹೊಸಪೇಟೆ-ಕಂಪ್ಲಿ ರಸ್ತೆಯನ್ನು ನೆಟ್ಟಗೆ ನಿಲ್ಲಿಸಿದರೆ ಹೆಚ್ಚು ಕಡಿಮೆ ಅಷ್ಟು. ಮೂರು ತಿಂಗಳು ಭೂಮಿ ಸುತ್ತಿತು. ಸೂರ್ಯನ ಕೆಟ್ಟ ಕಿರಣ ತಡೆಯುವ ಓಝೋನ್ ಪದರಕ್ಕೂ ಅಲ್ಲಿ ಧಕ್ಕೆ ಆಯಿತು.

ಹಿಂದೆ ಇಷ್ಟು ಎತ್ತರಕ್ಕೆ ಬೂದಿ, ಧೂಳು ಎತ್ತುವುದು ಜ್ವಾಲಾಮುಖಿ ಒಂದೇ ಎಂದು ತಿಳಿದಿದ್ದರು. ಕಾಡಿನ ಹೊಗೆಯೂ ಹೋಗುತ್ತದೆ ಎಂದು ವಿಜ್ಞಾನಿಗಳಿಗೆ ಖಾತ್ರಿ ಆದದ್ದು 1990ರ ದಶಕದ ಕೊನೆಯಿಂದ ಈಚೆಗೆ. 2017ರಲ್ಲಿ ಕೆನಡಾದ ಕಾಡಿನ ಹೊಗೆಯೂ ಹೀಗೇ ಏರಿ ತಿಂಗಳುಗಟ್ಟಲೆ ಮೇಲೇ ಉಳಿಯಿತು.

"ಹಂಗಾದ್ರ ನಮ್ಮ ಕಡೆ?" ಎಂದು ಕೇಳುತ್ತೀರಿ. 2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರದ ಅಡವಿಗೆ ಬೆಂಕಿ ಬಿತ್ತು. ಸಾವಿರಾರು ಎಕರೆ ಸುಟ್ಟಿತು. ವಾಯುಸೇನೆಯ ಹೆಲಿಕಾಪ್ಟರು ಬಂದು ಮೇಲಿನಿಂದ ನೀರು ಸುರಿದವು. ಆದರೂ ಆ ಹೊಗೆ ಗುಡುಗು ಮೋಡ ಆಗಲಿಲ್ಲ. ನಮ್ಮ ಅಡವಿಗಳಲ್ಲಿ ಬೆಂಕಿ ಹೆಚ್ಚಾಗಿ ನೆಲದ ಮೇಲೆ ಹರಿದಾಡುತ್ತದೆ. ಉದುರಿದ ಎಲೆ, ಒಣಹುಲ್ಲು, ಲಂಟಾನದ ಪೊದೆ ಉರಿಯುತ್ತವೆ. ಅಷ್ಟು ಕಾವು ಏಳುವುದಿಲ್ಲ. ಆ ತಿಂಗಳಲ್ಲಿ ಗಾಳಿಯಲ್ಲಿ ತೇವವೂ ಕಡಿಮೆ.

ಇದು ಸಮಾಧಾನದ ಮಾತು ಎಂದು ನಮಗೆ ಅನಿಸುವುದಿಲ್ಲ. ಮೇಲೆ ಹೋಗದ ಹೊಗೆ ಎಲ್ಲಿರುತ್ತದೆ? ನಾವು ಉಸಿರಾಡುವ ಗಾಳಿಯಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಸಂಡೂರಿನ ಗುಡ್ಡದ ಹುಲ್ಲಿಗೆ ಬೆಂಕಿ ತಾಗಿದರೆ, ಕಂಪ್ಲಿ ಕಡೆ ಹೊಲದಲ್ಲಿ ಕಬ್ಬಿನ ರವದಿ, ನೆಲ್ಲಿನ ಕೂಳೆ ಸುಟ್ಟರೆ ಆ ಹೊಗೆ ಊರಿನ ಮೇಲೇ ನಿಲ್ಲುತ್ತದೆ. ಸಂಜೆ ಗಾಳಿ ತಣ್ಣಗಾದ ಮೇಲಂತೂ ಕದಲುವುದೇ ಇಲ್ಲ. ಕೂಸುಗಳಿಗೆ ಕೆಮ್ಮು, ಮುದುಕರಿಗೆ ದಮ್ಮು. ಒಲೆ ಮುಂದೆ ಕೂತವರಿಗೆ ಎರಡು ಪಾಲು.

ಸುಟ್ಟರೆ ಹೊಸ ಹುಲ್ಲು ಚಿಗುರುತ್ತದೆ ಎನ್ನುವವರೂ ಇದ್ದಾರೆ. ಚಿಗುರುತ್ತದೆ, ಸುಳ್ಳಲ್ಲ. ಆದರೆ ಸಣ್ಣ ಸಸಿಗಳು ಸಾಯುತ್ತವೆ. ಬರಿದಾದ ಗುಡ್ಡದ ಮಣ್ಣನ್ನು ಮೊದಲ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಮುಂದೆ ಸೌದೆಗೆ ಇನ್ನೂ ದೂರ ನಡೆಯಬೇಕಾದವರು ನಾವೇ. ರವದಿಯನ್ನು ಸಾಲಿನಲ್ಲಿ ಹರಡಿ ಕೊಳೆಯಲು ಬಿಟ್ಟರೆ ಗೊಬ್ಬರ ಆಗುತ್ತದೆ, ನೆಲದ ತೇವವೂ ಉಳಿಯುತ್ತದೆ. ಗುಡ್ಡದಲ್ಲಿ ಬೆಂಕಿ ಕಂಡರೆ 112ಕ್ಕೆ ಫೋನ್ ಮಾಡಬಹುದು. ಸೌದೆಗೆ ಹೋದಾಗ ಬೆಂಕಿ ಕಂಡರೆ ಗುಡ್ಡದ ಮೇಲಕ್ಕೆ ಓಡಬೇಡಿ. ಬೆಂಕಿ ಏರು ಹತ್ತುವಾಗ ನಮಗಿಂತ ಜೋರು ಓಡುತ್ತದೆ.

ಮಾತಾಡೋಣ: ನಿಮ್ಮ ಊರಿನಲ್ಲಿ ಯಾವ ತಿಂಗಳು ಹೊಗೆ ಹೆಚ್ಚು? ಅದು ಯಾವ ಕಡೆಯಿಂದ ಬರುತ್ತದೆ? ನಿಮ್ಮ ಮನೆಯವರು ರವದಿ ಏನು ಮಾಡುತ್ತಾರೆ? ನಾಲ್ಕು ಸಾಲು ಬರೆದು ತನ್ನಿ.