ಸಮುದಾಯ ಅರಣ್ಯ ನಿರ್ವಹಣೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು

ಅರ್ಥ: ಕಾಡನ್ನು ನೆಚ್ಚಿ ಬದುಕುವವರೇ ಗ್ರಾಮಸಭೆಯ ಮೂಲಕ ಅದನ್ನು ಕಾಯ್ದು ಬಳಸುವ ವ್ಯವಸ್ಥೆ.

ಕಾನೂನು: ಅರಣ್ಯ ಹಕ್ಕು ಕಾಯ್ದೆ, 2006. ಕಲಂ 3(1)(ಸಿ) ಕಿರು ಅರಣ್ಯ ಉತ್ಪನ್ನದ ಹಕ್ಕು. 3(1)(ಐ) ಸಮುದಾಯ ಅರಣ್ಯ ಸಂಪನ್ಮೂಲವನ್ನು ಕಾಯ್ದು ನಿರ್ವಹಿಸುವ ಹಕ್ಕು.

ಪ್ರಮುಖ ಪ್ರಕರಣಗಳು:
• ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ: 2009ರಲ್ಲಿ ಸಮುದಾಯ ಹಕ್ಕು, ಬಿದಿರು ಮಾರಾಟದ ಆದಾಯ ಗ್ರಾಮಸಭೆಗೆ.
• ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ: 1974ರಲ್ಲಿ ವನ್ಯಜೀವಿ ಧಾಮ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಅದೇ ವರ್ಷ ಇಲ್ಲಿನ ಆದಿವಾಸಿಗಳಾದ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ.

ಜೀವನೋಪಾಯದ ಮೇಲಿನ ಪರಿಣಾಮ:
• ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಬಳಿಕ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕಾಗಿ ಕಿರು ಉತ್ಪನ್ನ ಸಂಗ್ರಹಿಸುವುದು ನಿಂತು, ಸೋಲಿಗರ ನಗದು ಆದಾಯಕ್ಕೆ ಪೆಟ್ಟು ಬಿತ್ತು.
• ಹಕ್ಕುಪತ್ರದಿಂದ ಜೇನು, ನೆಲ್ಲಿಕಾಯಿ, ಪಾಸಿ (ಕಲ್ಲುಹೂವು), ಸೀಗೆಕಾಯಿ ಸಂಗ್ರಹಕ್ಕೆ ಕಾನೂನಿನ ಬಲ ಬಂತು.
• ಬೇಸಿಗೆಯ ಆರಂಭದಲ್ಲಿ ಒಣ ತರಗೆಲೆಗಳಿಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬದನಿಕೆ ಹೆಚ್ಚಿತು ಎಂಬುದು ಸೋಲಿಗರ ಅನುಭವ.

ನೆನಪಿಡಿ: ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ನಿರ್ಧರಿಸುವ ಪ್ರಕ್ರಿಯೆಯನ್ನು ಆರಂಭಿಸುವ ಅಧಿಕಾರ ಗ್ರಾಮಸಭೆಯದ್ದು. ಪ್ರಬಂಧ ಪತ್ರಿಕೆಯಲ್ಲಿ ಸಂರಕ್ಷಣೆಯನ್ನೂ ಜೀವನೋಪಾಯವನ್ನೂ ಎದುರಾಳಿಗಳಂತೆ ಬರೆಯಬೇಡಿ. ಎರಡೂ ಒಟ್ಟಿಗೆ ಸಾಗಬಲ್ಲವು ಎಂಬುದಕ್ಕೆ ಈ ಪ್ರಕರಣಗಳನ್ನು ಉದಾಹರಿಸಿ.