ಹೊಸ ಜೀಪೋ, ಹಳೆಯ ಜೀಪಿನ ಜೀರ್ಣೋದ್ಧಾರವೋ?
(ಚಾಮರಾಜನಗರ ಮತ್ತು ಗುಂಡ್ಲುಪೇಟೆ ಪ್ರಾಂತ್ಯದ ಗ್ರಾಮ ಮುಖಂಡರ ಮತ್ತು ಜಮೀನುದಾರರ ಗಮನಕ್ಕೆ)

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಊರಿನವರೆಗೆ ಡಾಂಬರು ರಸ್ತೆಯು ಬಂದಿದ್ದರೂ, ಊರಿನಿಂದ ಹೊಲಕ್ಕೆ ಹೋಗುವ ದಾರಿಯು ಅನೇಕ ಕಡೆಗಳಲ್ಲಿ ಇನ್ನೂ ಬಂಡಿಯ ದಾರಿಯಾಗಿಯೇ ಉಳಿದಿದೆ. ಕೆಂಪು ನೆಲದಲ್ಲಿ ಮಳೆಯ ನೀರು ದಾರಿಯನ್ನು ಕೊರೆದು ಕಲ್ಲುಗಳನ್ನು ಮೇಲಕ್ಕೆಬ್ಬಿಸುವುದು. ಎರೆ ನೆಲದಲ್ಲಿ ಚಕ್ರವು ಕೆಸರನ್ನು ಮೆತ್ತಿಕೊಂಡು ನಿಂತಲ್ಲಿಯೇ ಸುತ್ತುವುದು. ಅರಿಸಿನ, ಈರುಳ್ಳಿ, ಬಾಳೆ, ತರಕಾರಿಗಳ ಬೆಳೆಗಾರರಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯಲ್ಲಿ ಈ ಕಷ್ಟವು ಚೆನ್ನಾಗಿ ಅನುಭವಕ್ಕೆ ಬಂದಿರುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಇದರ ಮೇಲೆ ಇನ್ನೊಂದು ಭಯವೂ ಉಂಟು. ಹಾವು ಕಚ್ಚಿದವನನ್ನಾಗಲಿ, ಹೆರಿಗೆಯ ನೋವು ಕಾಣಿಸಿಕೊಂಡವಳನ್ನಾಗಲಿ ಆಸ್ಪತ್ರೆಗೆ ಒಯ್ಯುವಾಗ ಗಾಡಿಯು ಮುಸ್ಸಂಜೆಯಲ್ಲಿ ಆನೆ ತಿರುಗುವ ದಾರಿಯಲ್ಲಿ ಕೆಟ್ಟು ನಿಂತರೆ, ಆಗ ನಷ್ಟವಾಗುವುದು ಹಣವೊಂದೇ ಅಲ್ಲ.

ಆದಕಾರಣ ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಗಾಡಿಯೊಂದನ್ನು ಇಟ್ಟುಕೊಳ್ಳಬೇಕೆಂಬ ಅಪೇಕ್ಷೆಯು ಸಹಜವಾದುದೇ. ಅಂಗಡಿಯಿಂದ ಹೊಸದನ್ನು ತರುವುದು ಮೇಲೋ, ಹಳೆಯ ಜೀಪೊಂದನ್ನು ಕಡಿಮೆ ಬೆಲೆಗೆ ಕೊಂಡು ಸರಿಪಡಿಸುವುದು ಮೇಲೋ ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರ ಮಾಡಲಾಗಿದೆ.

1. ಗಾಡಿಯ ಗುಣವನ್ನು ತಿಳಿಯುವುದು

ಜೀಪಿನ ಆಕಾರವಿದ್ದ ಮಾತ್ರಕ್ಕೆ ನಾಲ್ಕು ಚಕ್ರಗಳೂ ಎಳೆಯುತ್ತವೆಯೆಂದು ಭಾವಿಸಕೂಡದು. ಎಂಜಿನಿನ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳೆರಡಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯೂ, ಅದರಲ್ಲಿ ನಿಧಾನ ವೇಗಕ್ಕಾಗಿ ಬೇರೆ ಗೇರೂ ಇರುವುದೇ ಮುಖ್ಯ ಲಕ್ಷಣ. ಈ ನಿಧಾನದ ಗೇರಿನಲ್ಲಿ ವೇಗವು ತಗ್ಗಿ ಎಳೆಯುವ ಬಲವು ಹೆಚ್ಚುವುದರಿಂದ ಏರಿನಲ್ಲಿಯೂ ಕೆಸರಿನಲ್ಲಿಯೂ ಗಾಡಿಯು ಮೆಲ್ಲನೆ ಸಾಗುವುದು. ಒಣಗಿದ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರಗಳ ಚಾಲನೆಯನ್ನು ಹಾಕಿದರೆ, ತಿರುವುಗಳಲ್ಲಿ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಬೇರೆ ಬೇರೆ ದೂರವನ್ನು ಕ್ರಮಿಸಬೇಕಾಗುವುದರಿಂದ ಹಲ್ಲಿನ ಚಕ್ರಗಳ ಮೇಲೆ ಬಿಗಿತವುಂಟಾಗಿ ಯಂತ್ರವು ಸವೆಯುವುದು.

ಈ ಪ್ರಾಂತ್ಯದಲ್ಲಿ ವಿಚಾರಿಸಲ್ಪಡುವ ಹಳೆಯ ಗಾಡಿಗಳಲ್ಲಿ ಮಹೀಂದ್ರದ ಎಂ.ಎಂ. 540 ಮೊದಲಾದ ಡೀಸೆಲ್ ಜೀಪುಗಳೂ, 1985ರಲ್ಲಿ ಹೊರಬಂದ ಮಾರುತಿ ಜಿಪ್ಸಿಯೂ ಮುಖ್ಯವಾದುವು. ಹೊಸವುಗಳಲ್ಲಿ 2020ರಲ್ಲಿ ಹೊಸ ರೂಪದಲ್ಲಿ ಬಂದ ಮಹೀಂದ್ರ ಥಾರ್, 2023ರಲ್ಲಿ ಬಂದ ಮಾರುತಿ ಜಿಮ್ನಿ, ಮತ್ತು ಫೋರ್ಸ್ ಗೂರ್ಖಾ ಪ್ರಸಿದ್ಧವಾಗಿವೆ. ಆದರೆ 2023ರಿಂದ ಥಾರ್ ಗಾಡಿಯು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯುಳ್ಳ ಮಾದರಿಯಲ್ಲಿಯೂ ಮಾರಾಟವಾಗುತ್ತಿದೆ. ಹಳೆಯ ಜೀಪುಗಳಲ್ಲಿಯೂ ಅಂಥವು ಬಹಳ. ಬೆಲೆ ಕಡಿಮೆಯೆಂದು ಸಂತೋಷಪಟ್ಟು ಕೊಂಡವರು ಮೊದಲನೆಯ ಮಳೆಯಲ್ಲಿ ಪಶ್ಚಾತ್ತಾಪಪಡುವರು. ಮುಂಗಡ ಕೊಡುವುದಕ್ಕೆ ಮೊದಲು ಈ ಒಂದು ವಿಷಯವನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

2. ಹೊಸ ಗಾಡಿಯ ಗುಣದೋಷಗಳು

ಹೊಸ ಗಾಡಿಯಲ್ಲಿ ಕಾರ್ಖಾನೆಯ ಜವಾಬ್ದಾರಿಯು ಕೆಲವು ವರ್ಷಗಳವರೆಗೆ ಇರುತ್ತದೆ. ಅಪಘಾತದಲ್ಲಿ ಎದೆಗೆ ಪೆಟ್ಟು ತಗುಲದಂತೆ ಉಬ್ಬುವ ಗಾಳಿಚೀಲಗಳೂ, ಒತ್ತಿ ಬ್ರೇಕು ಹಾಕಿದಾಗ ಚಕ್ರವು ಜಾರದಂತೆ ತಡೆಯುವ ಎ.ಬಿ.ಎಸ್. ಏರ್ಪಾಡೂ ಇರುತ್ತವೆ. 1990ರ ದಶಕದ ಜೀಪುಗಳಲ್ಲಿ ಇವೆರಡೂ ಇಲ್ಲ. ಮನೆಯ ಮಕ್ಕಳನ್ನು ಶಾಲೆಗೂ, ವೃದ್ಧರನ್ನು ಮೈಸೂರಿನ ಆಸ್ಪತ್ರೆಗೂ ಇದೇ ಗಾಡಿಯಲ್ಲಿ ಒಯ್ಯಬೇಕಾದ ಕುಟುಂಬದವರು ಈ ವ್ಯತ್ಯಾಸವನ್ನು ಹಣದಿಂದ ಅಳೆಯಕೂಡದು.

ದೋಷವೆಂದರೆ ಸಾಲದ ಭಾರವೇ. ಅರಿಸಿನವು ನೆಲದಲ್ಲಿ ಎಂಟು ಒಂಬತ್ತು ತಿಂಗಳು ಇದ್ದು ವರ್ಷಕ್ಕೊಮ್ಮೆ ಹಣವಾಗುವುದು. ಬ್ಯಾಂಕಿನ ಕಂತಾದರೋ ತಿಂಗಳಿಗೊಮ್ಮೆ ಬರುವುದು. ಬೆಲೆ ಕುಸಿದ ವರ್ಷದಲ್ಲಿಯೂ ಕಂತು ಕುಸಿಯುವುದಿಲ್ಲ. ಅಲ್ಲದೆ ಹೊಸ ಗಾಡಿಗಳಲ್ಲಿ ವಿದ್ಯುತ್ ಉಪಕರಣಗಳು ಹೆಚ್ಚಾಗಿರುವುದರಿಂದ ಊರಿನ ಮೆಕ್ಯಾನಿಕ್ಕಿನಿಂದ ಸರಿಪಡಿಸಲಾಗದ ದೋಷಗಳೂ ಬರಬಹುದು.

3. ಹಳೆಯ ಗಾಡಿಯನ್ನು ಪರೀಕ್ಷಿಸುವ ಕ್ರಮ

ಹಳೆಯ ಜೀಪಿನ ಯಂತ್ರವು ಸರಳವಾದುದು. ನುರಿತ ಕೈಗೆ ಅದರ ಪ್ರತಿಯೊಂದು ಭಾಗವೂ ತಿಳಿಯುತ್ತದೆ. ಆದರೆ ಬಣ್ಣವನ್ನು ನೋಡಿ ಜೀಪು ಕೊಳ್ಳುವುದು, ಕೊಂಬಿಗೆ ಹಚ್ಚಿದ ಬಣ್ಣವನ್ನು ನೋಡಿ ಎತ್ತನ್ನು ಕೊಂಡಂತೆ. ಪರೀಕ್ಷೆಯನ್ನು ಹಗಲಿನಲ್ಲಿ, ನಂಬಿಕೆಯ ಮೆಕ್ಯಾನಿಕ್ಕನ್ನು ಜೊತೆಗಿಟ್ಟುಕೊಂಡು, ಈ ಕೆಳಗಿನ ಕ್ರಮದಲ್ಲಿ ನಡೆಸತಕ್ಕದ್ದು.

(ಅ) ಚಾಸಿ: ಗಾಡಿಯ ಅಡಿಗೆ ಇಳಿದು ಉದ್ದದ ತೊಲೆಗಳೆರಡನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿಯಾದ ಕಬ್ಬಿಣವು ನಾದಗೊಡುವುದು. ತುಕ್ಕು ತಿಂದುದು ಮಂದವಾದ ಶಬ್ದ ಮಾಡುವುದು. ಬಿರುಕು ಬಿಟ್ಟು ಬೆಸುಗೆ ಹಾಕಿದ ಗುರುತುಗಳಿದ್ದರೆ ಆ ಗಾಡಿಯನ್ನು ಬಿಟ್ಟುಬಿಡುವುದೇ ಲೇಸು.

(ಆ) ಎಂಜಿನು: ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದನ್ನೇ ಸಂಶಯದ ಕಾರಣವೆಂದು ತಿಳಿಯಬೇಕು. ನೀಲಿ ಹೊಗೆಯು ಎಣ್ಣೆ ಉರಿಯುತ್ತಿರುವುದರ ಗುರುತು. ಬಿಸಿಯಾದ ಮೇಲೆಯೂ ನಿಲ್ಲದ ಬಿಳಿಯ ಹೊಗೆಯು ಒಳಗೆ ನೀರು ಸೋರುತ್ತಿರುವುದರ ಅಥವಾ ಇಂಧನವು ಸರಿಯಾಗಿ ಉರಿಯದಿರುವುದರ ಗುರುತು.

(ಇ) ನಾಲ್ಕು ಚಕ್ರಗಳ ಚಾಲನೆ: ಮಾರುವವನ ಮಾತಿಗೆ ಬಿಡದೆ, ಸಡಿಲವಾದ ಮಣ್ಣಿನ ಏರಿನಲ್ಲಿ ನಿಧಾನದ ಗೇರನ್ನು ಹಾಕಿಸಿ, ಮುಂದಿನ ಚಕ್ರಗಳೂ ಎಳೆಯುತ್ತವೆಯೇ, ಗೇರು ತಾನಾಗಿ ಕಳಚಿಕೊಳ್ಳುವುದೇ ಎಂಬುದನ್ನು ಕಣ್ಣಾರೆ ನೋಡಬೇಕು.

(ಈ) ಬಿಡಿಭಾಗಗಳು: ಜಿಪ್ಸಿಯ ಸಾರ್ವಜನಿಕ ಮಾರಾಟವು ನಿಂತು ವರ್ಷಗಳಾದುವು. ಹಳೆಯ ಮಾದರಿಗಳಿಗೆ ಬೇಕಾದ ಭಾಗಗಳು ಮೈಸೂರಿನಲ್ಲಿ ದೊರೆಯುವುವೇ, ಎಷ್ಟು ದಿನಗಳಲ್ಲಿ ದೊರೆಯುವುವು ಎಂದು ಕೊಳ್ಳುವುದಕ್ಕೆ ಮೊದಲೇ ವಿಚಾರಿಸಬೇಕು. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರು ಸುಮಾರು 60 ಕಿಲೋಮೀಟರು ದೂರದಲ್ಲಿರುವುದರಿಂದ, ಸಣ್ಣ ಭಾಗವೊಂದಕ್ಕೂ ಒಂದು ದಿನದ ಕೆಲಸವು ಕೆಡುವುದು.

4. ಕಾಗದ ಪತ್ರಗಳು

ಗುಂಡ್ಲುಪೇಟೆಯು ಮೂರು ರಾಜ್ಯಗಳು ಕೂಡುವ ಎಡೆಗೆ ಸಮೀಪದಲ್ಲಿದೆ. ನೀಲಗಿರಿಯಿಂದಲೂ ವಯನಾಡಿನಿಂದಲೂ ಹಳೆಯ ಜೀಪುಗಳು ಅಗ್ಗವಾಗಿ ದೊರೆಯುವುವೆಂಬ ಮಾತು ಸಂತೆಯಲ್ಲಿ ಕೇಳಿಬರುವುದುಂಟು. ಹೊರರಾಜ್ಯದ ಗಾಡಿಗೆ ಆ ರಾಜ್ಯದ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು ಪಡೆದು, ಕರ್ನಾಟಕದ ತೆರಿಗೆಯನ್ನು ಕಟ್ಟಿ, ಇಲ್ಲಿಯ ನೋಂದಣಿಯನ್ನು ಮಾಡಿಸಬೇಕು. ಇವೆಲ್ಲವನ್ನೂ ಕೂಡಿಸಿದ ಮೇಲೆ ಅಗ್ಗವೆಂಬುದು ಎಷ್ಟು ಉಳಿಯುವುದೆಂದು ಲೆಕ್ಕ ಹಾಕತಕ್ಕದ್ದು.

ಖಾಸಗಿ ಗಾಡಿಯ ನೋಂದಣಿಯು 15 ವರ್ಷಗಳವರೆಗೆ ಇದ್ದು, ಆಮೇಲೆ ಯೋಗ್ಯತಾ ಪರೀಕ್ಷೆಗೊಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕಾಗುವುದು. ಚಾಸಿಯ ಮೇಲಿನ ಸಂಖ್ಯೆಯೂ ಎಂಜಿನಿನ ಸಂಖ್ಯೆಯೂ ನೋಂದಣಿ ಪತ್ರದಲ್ಲಿರುವುದಕ್ಕೆ ಅಕ್ಷರಶಃ ಸರಿಹೊಂದಬೇಕು. ಹಿಂದಿನ ಸಾಲವು ತೀರಿಹೋಗಿ ಅದರ ನಮೂದು ತೆಗೆದುಹಾಕಲ್ಪಟ್ಟಿರಬೇಕು. ಕೊಂಡವರು 30 ದಿನಗಳೊಳಗೆ ತಮ್ಮ ಹೆಸರಿಗೆ ವರ್ಗಾವಣೆಗಾಗಿ ಅರ್ಜಿ ಕೊಡಬೇಕು. ನೆರೆಹೊರೆಯ ನಂಬಿಕೆಯಿಂದ ಇದನ್ನು ಮುಂದಕ್ಕೆ ಹಾಕಿದರೆ, ಅಪಘಾತವಾದ ದಿನ ಮಾರಿದವರೂ ಕೊಂಡವರೂ ಇಬ್ಬರೂ ತೊಂದರೆಗೆ ಸಿಲುಕುವರು.

5. ಲೆಕ್ಕದ ಒಂದು ಮಾದರಿ

ಕೆಳಗಿನ ಮೊಬಲಗುಗಳನ್ನು ಉದಾಹರಣೆಗಾಗಿ ಮಾತ್ರ ಊಹಿಸಿಕೊಳ್ಳಲಾಗಿದೆ. ಓದುಗರು ತಮ್ಮ ತಮ್ಮ ಅಂಕೆಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬಹುದು. ಇಂಧನವು ಎರಡಕ್ಕೂ ಸಮವೆಂದು ಬಿಡಲಾಗಿದೆ. ಕೈಯಿಂದ ಹಾಕಿದ ಹಣದ ಬಡ್ಡಿಯನ್ನೂ ಸೇರಿಸಿಲ್ಲ.

ಹೊಸ ಗಾಡಿ: ಬೆಲೆ 14,00,000 ರೂಪಾಯಿ. ಕೈಯಿಂದ 4,00,000; ಉಳಿದ 10,00,000 ರೂಪಾಯಿಗೆ ಶೇಕಡಾ 9.5ರ ಬಡ್ಡಿಯಲ್ಲಿ 5 ವರ್ಷಗಳ ಸಾಲ. ತಿಂಗಳ ಕಂತು ಸುಮಾರು 21,000. ಒಟ್ಟು ಕಂತು 12,60,000. ಹೀಗೆ ಒಟ್ಟು ವೆಚ್ಚ 16,60,000. 8 ವರ್ಷಗಳ ಮೇಲೆ 5,00,000ಕ್ಕೆ ಮಾರಿದರೆ ನಿಂತ ವೆಚ್ಚ 11,60,000, ವರ್ಷಕ್ಕೆ 1,45,000. ವಿಮೆ ಮತ್ತು ಸರ್ವಿಸು 60,000. ಒಟ್ಟು ವರ್ಷಕ್ಕೆ 2,05,000 ರೂಪಾಯಿ.

ಹಳೆಯ ಗಾಡಿ: ಬೆಲೆ 3,50,000, ದುರಸ್ತಿ 2,50,000, ಒಟ್ಟು 6,00,000, ಸಾಲವಿಲ್ಲದೆ. 8 ವರ್ಷಗಳ ಮೇಲೆ 2,00,000 ಬಂದರೆ ನಿಂತ ವೆಚ್ಚ 4,00,000, ವರ್ಷಕ್ಕೆ 50,000. ವಿಮೆ ಮತ್ತು ರಿಪೇರಿ 90,000. ಗಾಡಿಯು ಮೆಕ್ಯಾನಿಕ್ಕಿನ ಬಳಿ ನಿಂತ 20 ದಿನಗಳಿಗೆ ಬದಲು ಗಾಡಿಯ ಬಾಡಿಗೆ, ದಿನಕ್ಕೆ 2,500ರಂತೆ, 50,000. ಒಟ್ಟು ವರ್ಷಕ್ಕೆ 1,90,000 ರೂಪಾಯಿ.

ಮೊದಲು ಎಂಟು ಲಕ್ಷ ರೂಪಾಯಿಗಳೆಂದು ತೋರಿದ ಅಂತರವು ವರ್ಷದ ಲೆಕ್ಕದಲ್ಲಿ 15,000ಕ್ಕೆ ಇಳಿಯಿತು. ದುರಸ್ತಿಯ ವೆಚ್ಚವು 2,50,000ದ ಬದಲು 5,00,000 ಆಯಿತೆಂದರೆ, ಹಳೆಯ ಗಾಡಿಯ ವರ್ಷದ ವೆಚ್ಚವು 2,21,250ಕ್ಕೆ ಏರಿ ಹೊಸದನ್ನೇ ಮೀರುವುದು. ಆದ್ದರಿಂದ ಹಳೆಯ ಗಾಡಿಯ ಲಾಭವು ಕೊಳ್ಳುವ ಬೆಲೆಯಲ್ಲಿ ಅಡಗಿಲ್ಲ. ದುರಸ್ತಿಯನ್ನು ಎಲ್ಲಿಗೆ ನಿಲ್ಲಿಸಬೇಕೆಂಬ ವಿವೇಕದಲ್ಲಿ ಅಡಗಿದೆ.

ಇನ್ನೊಂದು ವಿಷಯವೂ ಈ ಲೆಕ್ಕದಿಂದ ತಿಳಿದುಬರುತ್ತದೆ. ವರ್ಷದಲ್ಲಿ 40 ದಿನಗಳು ಮಾತ್ರ ಇಂಥ ಗಾಡಿಯು ಬೇಕಾಗುವವರಿಗೆ ಬಾಡಿಗೆಯ ವೆಚ್ಚ 1,00,000 ರೂಪಾಯಿ. ಸುಮಾರು 75 ದಿನಗಳಿಗಿಂತ ಕಡಿಮೆ ಕೆಲಸವಿರುವವರಿಗೆ ಈ ಅಂಕೆಗಳಂತೆ ಎರಡು ಗಾಡಿಗಳಲ್ಲಿ ಯಾವುದೂ ಲಾಭಕರವಲ್ಲ.

6. ದುರಸ್ತಿಗೂ ಅಲಂಕಾರಕ್ಕೂ ಇರುವ ಭೇದ

ದುರಸ್ತಿಯ ಹಣವನ್ನು ಮೊದಲು ಬ್ರೇಕು ಮತ್ತು ಸ್ಟಿಯರಿಂಗಿಗೆ, ಆಮೇಲೆ ರೇಡಿಯೇಟರು ಮತ್ತು ವೈರಿಂಗಿಗೆ, ಅನಂತರ ಟ್ರಾನ್ಸ್‌ಫರ್ ಕೇಸ್ ಮತ್ತು ಆಕ್ಸಲ್‌ಗಳಿಗೆ, ಬಳಿಕ ಟೈರುಗಳಿಗೆ ವಿನಿಯೋಗಿಸಬೇಕು. ಬಣ್ಣವೂ ಗದ್ದಿಗೆಯೂ ಕಟ್ಟಕಡೆಗೆ. ಅಂದಾಜಿನ ಮೂರನೆಯ ಒಂದು ಭಾಗದಷ್ಟು ಹಣವನ್ನು ಬಿಚ್ಚಿದ ಮೇಲೆ ಕಾಣುವ ದೋಷಗಳಿಗಾಗಿ ಬೇರೆಯಾಗಿ ತೆಗೆದಿಡಬೇಕು.

ಯುವಕರು ಸಾಮಾನ್ಯವಾಗಿ ಈ ಕ್ರಮವನ್ನು ತಲೆಕೆಳಗು ಮಾಡುವರು. ಗಾಡಿಯನ್ನು ಎತ್ತರಿಸಿ, ದಪ್ಪ ಟೈರುಗಳನ್ನು ತೊಡಿಸಿ, ಮುಂದೆ ಕಬ್ಬಿಣದ ಗಾರ್ಡನ್ನು ಕಟ್ಟುವುದು ಅವರಿಗೆ ಪ್ರಿಯವಾದುದು. ಇದರ ಫಲವನ್ನು ತಿಳಿಯಬೇಕು. 28 ಅಂಗುಲ ವ್ಯಾಸದ ಟೈರಿನ ಬದಲು 31 ಅಂಗುಲದ್ದನ್ನು ಹಾಕಿದರೆ, ಮೀಟರು 60 ಎಂದು ತೋರಿಸುವಾಗ ನಿಜವಾದ ವೇಗವು 66 ಆಗಿರುವುದು. ಚಕ್ರವು ದೊಡ್ಡದಾದಷ್ಟೂ ಎಳೆಯುವ ಬಲವು ತಗ್ಗಿ, ಬ್ರೇಕಿನ ಮೇಲೆಯೂ ಆಕ್ಸಲ್ಲಿನ ಮೇಲೆಯೂ ಭಾರ ಹೆಚ್ಚುವುದು. ಎತ್ತರಿಸಿದ ಗಾಡಿಯು ಏರಿಯ ಮೇಲಿನ ತಿರುವಿನಲ್ಲಿ ಬೇಗ ಮಗುಚುವುದು. ಕೆಸರಿನಲ್ಲಿ ಪಾರಾಗಲು ಮಾಡಿದ ಉಪಾಯವೇ ಡಾಂಬರು ರಸ್ತೆಯಲ್ಲಿ ಅಪಾಯವಾಗುವುದು.

ಕಾನೂನೂ ಇದಕ್ಕೆ ಸಮ್ಮತಿಸುವುದಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ನೋಂದಣಿ ಪತ್ರದ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕರಿಗೆ 5,000 ರೂಪಾಯಿ ದಂಡವನ್ನೋ, 6 ತಿಂಗಳವರೆಗೆ ಸೆರೆವಾಸವನ್ನೋ, ಎರಡನ್ನೂ ಸೇರಿಸಿಯೋ ವಿಧಿಸಬಹುದು. ಎಂಜಿನನ್ನು ಬದಲಾಯಿಸಬೇಕಾದರೂ ಸಾರಿಗೆ ಕಚೇರಿಯ ಅಪ್ಪಣೆಯು ಬೇಕು. ಸವೆದ ಭಾಗವನ್ನು ತೆಗೆದು ಅದೇ ಅಳತೆಯ ಭಾಗವನ್ನು ಹಾಕುವುದು ದುರಸ್ತಿ. ಗಾಡಿಯು ಯಾವ ಅಳತೆಗೆ ಹುಟ್ಟಿತೋ ಅದನ್ನು ಮೀರಿಸುವುದು ದುರಸ್ತಿಯಲ್ಲ.

ಬಂಡೀಪುರದ ಅಂಚಿನವರು ಇದನ್ನೂ ನೆನಪಿನಲ್ಲಿಡಬೇಕು. ಜೀಪು ಎಷ್ಟೇ ಸಮರ್ಥವಾಗಿದ್ದರೂ ಅನುಮತಿಯಿಲ್ಲದೆ ಅರಣ್ಯದೊಳಗಿನ ದಾರಿಗೆ ಇಳಿಸುವುದು ಅಪರಾಧ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಕಾಡಿನ ಮೂಲಕ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ಸಂಚಾರವೂ ನಿಂತಿದೆ.

7. ನಿರ್ಣಯ

ಮೇಲಿನ ಸಂಗತಿಗಳಿಂದ ನಾಲ್ಕು ವಿಧದ ಜಮೀನುದಾರರಿಗೆ ನಾಲ್ಕು ಉತ್ತರಗಳು ದೊರೆಯುತ್ತವೆ.

ಮನೆಗೆ ಒಂದೇ ಗಾಡಿಯಾಗಿ, ಪ್ರತಿದಿನವೂ ಕುಟುಂಬದವರು ಅದರಲ್ಲಿ ಸಂಚರಿಸುವುದಾದರೆ, ಮತ್ತು ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಕಂತನ್ನು ಕಟ್ಟುವ ಶಕ್ತಿಯಿದ್ದರೆ, ಹೊಸದೇ ಯೋಗ್ಯ.

ಮನೆಯಲ್ಲಿ ಬೇರೆ ಗಾಡಿಯಿದ್ದು, ಜೀಪು ಹೊಲದ ಕೆಲಸಕ್ಕೆ ಮಾತ್ರ ಬೇಕಾಗಿ, ಚಾಸಿಯೂ ಕಾಗದಗಳೂ ಶುದ್ಧವಾಗಿರುವ ಹಳೆಯ ಗಾಡಿಯೂ ಒಳ್ಳೆಯ ಮೆಕ್ಯಾನಿಕ್ಕೂ ದೊರೆತರೆ, ಅದನ್ನು ಸಾಲವಿಲ್ಲದೆ ಕೊಂಡು, ಹುಟ್ಟಿದ ಅಳತೆಗೇ ತಂದು ನಿಲ್ಲಿಸುವುದು ಯೋಗ್ಯ.

ವರ್ಷದಲ್ಲಿ ಕೆಲವೇ ದಿನಗಳ ಅಗತ್ಯವುಳ್ಳವರಿಗೆ ಬಾಡಿಗೆಯೇ ಯೋಗ್ಯ.

ಒಂದೇ ದಾರಿಯಲ್ಲಿ ಹತ್ತಾರು ಮನೆಯವರು ಹೊಲಗಳಿಗೆ ಹೋಗುವ ಕಡೆಗಳಲ್ಲಿ ಮುಖಂಡರು ಮೊದಲು ದಾರಿಯ ಮೇಲೆ ಲಕ್ಷ್ಯವಿಡತಕ್ಕದ್ದು. ಪಕ್ಕದಲ್ಲಿ ನೀರುಗಾಲುವೆಯನ್ನು ತೆಗೆದು, ತಗ್ಗುಗಳಿಗೆ ಕಲ್ಲು ಗೊರಚು ತುಂಬಿ, ಹಳ್ಳಕ್ಕೆ ಮೋರಿಯ ಕೊಳವೆಯನ್ನು ಇಡಿಸಲು ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಗೊತ್ತುಮಾಡಿಸಬೇಕು. ಒಬ್ಬರು ಕೊಂಡ ಜೀಪು ಒಂದು ಮನೆಯವರನ್ನು ಕೆಸರಿನಿಂದ ಪಾರುಮಾಡುವುದು. ಸರಿಪಡಿಸಿದ ದಾರಿಯು ರೋಗಿಯನ್ನೊಯ್ಯುವ ಆಂಬುಲೆನ್ಸನ್ನು ಊರಿನ ಕಡೆಯ ಮನೆಯವರೆಗೂ ಬರಮಾಡುವುದು.