ಶುಭಾಶಯ ಪತ್ರಗಳೂ ಕೈಯಚ್ಚಿನ ಕೆಲಸವೂ



ಹಸ್ತಕೌಶಲಕ್ಕೆಂದು ಮೀಸಲಾದ ವೇಳೆಯಲ್ಲಿ ಮಕ್ಕಳು ಅಚ್ಚುಗಳನ್ನು ಕೊರೆದು, ಮಸಿ ಹಚ್ಚಿ, ಶುಭಾಶಯ ಪತ್ರಗಳನ್ನು ಮಾಡುವುದನ್ನು ಕಂಡು, "ಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ ಇದರಿಂದೇನು ಪ್ರಯೋಜನ?" ಎಂದು ಕೆಲವರು ತಂದೆತಾಯಿಗಳು ಕೇಳುವುದುಂಟು. ಇದು ನ್ಯಾಯವಾದ ಪ್ರಶ್ನೆಯೇ. ರಾಗಿ ಟೊಮೇಟೊ ಬೆಳೆದು, ಹಿಪ್ಪುನೇರಳೆಯ ಸೊಪ್ಪು ಕೊಯ್ದು, ಮಗಳ ಓದಿಗೆ ಹಣವೊದಗಿಸುವವರು ಅದನ್ನು ಕೇಳಲೇಬೇಕು. ಆದುದರಿಂದ ಈ ಕೆಲಸವನ್ನು ಮಾಡುವ ಕ್ರಮವನ್ನೂ, ಅದನ್ನು ನಾವು ಕಲಿಸುವ ಕಾರಣವನ್ನೂ ಇಲ್ಲಿ ಹೇಳಲು ಯತ್ನಿಸುತ್ತೇನೆ. ಪೂರ್ವವಿದ್ಯಾರ್ಥಿನಿಯರು ಇದನ್ನು ಓದಿ ತಮ್ಮ ಮಕ್ಕಳೊಡನೆ ಮನೆಯಲ್ಲಿಯೇ ಮಾಡಿನೋಡಬಹುದು.

೧. ಮಸಿಯ ಗುರುತು

ಮಸಿಯ ಪ್ಯಾಡು ಎಂದೊಡನೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಹೆಬ್ಬೆಟ್ಟು. ದೇವರಾಯಸಮುದ್ರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಸೀಮೆಗಳ ಎಷ್ಟೋ ಮನೆಗಳಲ್ಲಿ ಅಜ್ಜಿಯರು ಜಮೀನಿನ ಕಾಗದಕ್ಕೂ ಸಾಲದ ಪತ್ರಕ್ಕೂ ಹೆಬ್ಬೆಟ್ಟೊತ್ತಿದವರೇ. ಓದುಬಾರದವರನ್ನು 'ಹೆಬ್ಬೆಟ್ಟು' ಎಂದು ಹಾಸ್ಯಮಾಡುವ ಕೆಟ್ಟ ರೂಢಿಯೂ ಬೆಳೆಯಿತು. ಮಗಳು ಶಾಲೆಯಲ್ಲಿ ಅಕ್ಷರ ಕಲಿತು ತನ್ನ ಹೆಸರನ್ನು ತಾನೇ ಬರೆದ ದಿವಸ ಆ ತಾಯಂದಿರಿಗಾದ ಸಂತೋಷವನ್ನು ಹೇಳತೀರದು. ಹೆಣ್ಣುಮಕ್ಕಳ ಶಾಲೆಗಳು ಹುಟ್ಟಿದ ಕಾರಣಗಳಲ್ಲಿ ಇದೂ ಒಂದು.

ಆದರೆ ಈ ಗುರುತಿನ ಚರಿತ್ರೆಯನ್ನು ನೋಡಿದರೆ ಅದರಲ್ಲಿ ನಾಚಿಕೆಗೆ ಕಾರಣವೇ ಇಲ್ಲವೆಂದು ತಿಳಿಯುತ್ತದೆ. ೧೮೫೮ ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನಿಂದ ರಸ್ತೆಯ ಜಲ್ಲಿಗಾಗಿ ಕರಾರು ಬರೆಸಿಕೊಂಡು, ಅದರ ಹಿಂಬದಿಯಲ್ಲಿ ಅವನ ಅಂಗೈಯ ಅಚ್ಚನ್ನು ತೆಗೆದುಕೊಂಡರು. ಆ ಕರಾರನ್ನು ಕೋನಾಯ್ ತನ್ನ ಕೈಯಿಂದಲೇ ಬರೆದಿದ್ದನು. ಅವನು ಓದುಬರಹ ಬಲ್ಲವನು. ಮುಂದೆ ತನ್ನ ರುಜುವನ್ನು ಇಲ್ಲವೆನ್ನದಿರಲೆಂದು ಅಧಿಕಾರಿಯು ಹೀಗೆ ಮಾಡಿದರು. ಅಂಗೈಗೆ ಬಳಿದದ್ದು ಕಚೇರಿಯ ಮೊಹರಿಗೆಂದು ಇಟ್ಟಿದ್ದ ಎಣ್ಣೆಯ ಮಸಿ! ಬೆರಳಚ್ಚಿನ ಶಾಸ್ತ್ರವು ಬೆಳೆದುದಕ್ಕೆ ಈ ಪ್ರಸಂಗವು ಒಂದು ಮೂಲ. ಈಗ ಪಡಿತರದ ಅಂಗಡಿಯಲ್ಲಿ ಮಸಿಯಿಲ್ಲದೆ ಯಂತ್ರವೇ ಬೆರಳನ್ನು ಓದುತ್ತದೆ. ಓದಿದವರೂ ಓದದವರೂ ಅಲ್ಲಿ ಒಂದೇ ವಿಧವಾಗಿ ಬೆರಳಿಡುತ್ತಾರೆ.

ಅದೇ ಮಸಿಯಿಂದ ಮಗಳು ಹೂವನ್ನು ಅಚ್ಚೊತ್ತಿ, ಕೆಳಗೆ ತನ್ನ ಹೆಸರನ್ನು ಬರೆದು ತಾಯಿಗೆ ಕೊಟ್ಟರೆ, ಆ ಕಾಗದವು ಎರಡು ತಲೆಮಾರುಗಳ ಮಾತನ್ನು ಹೇಳುತ್ತದೆ. ನಾವು ಈ ಕೆಲಸವನ್ನು ಆರಿಸಿಕೊಂಡುದಕ್ಕೆ ಇದು ಮೊದಲನೆಯ ಕಾರಣ.

೨. ಶುಭಾಶಯ ಪತ್ರದ ಹುಟ್ಟು

ಇಂಗ್ಲೆಂಡಿನಲ್ಲಿ ೧೮೪೦ ರಲ್ಲಿ ಒಂದು ಪೆನ್ನಿಯ ಅಂಚೆಯು ಏರ್ಪಟ್ಟ ಮೇಲೆ ಕಾಗದ ಬರೆಯುವುದು ಸಾಮಾನ್ಯ ಜನರ ಕೈಗೂ ಎಟಕಿತು. ೧೮೪೩ ರ ಕ್ರಿಸ್ಮಸ್ ಹಬ್ಬಕ್ಕೆ ಹೆನ್ರಿ ಕೋಲ್ ಎಂಬವರು, ಬಂಧುಮಿತ್ರರೆಲ್ಲರಿಗೂ ಬೇರೆ ಬೇರೆಯಾಗಿ ಬರೆಯಲು ಬಿಡುವಿಲ್ಲದೆ, ಜಾನ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿ ಕಲ್ಲಚ್ಚಿನಲ್ಲಿ ಒಂದು ಸಾವಿರ ಪ್ರತಿಗಳನ್ನು ಮಾಡಿಸಿದರು. ಬಣ್ಣವನ್ನು ಕೈಯಿಂದಲೇ ತುಂಬಲಾಯಿತು. ನಡುವೆ ಒಂದು ಕುಟುಂಬವು ಹಬ್ಬದ ಊಟಕ್ಕೆ ಕುಳಿತಿರುವ ಚಿತ್ರ. ಇಕ್ಕೆಲಗಳಲ್ಲಿ ಹಸಿದವರಿಗೆ ಅನ್ನವನ್ನೂ ಬಡವರಿಗೆ ಬಟ್ಟೆಯನ್ನೂ ಕೊಡುವ ಚಿತ್ರಗಳು. ಮೇಲೆ ಪಡೆಯುವವರ ಹೆಸರಿಗೂ ಕೆಳಗೆ ಕಳುಹಿಸುವವರ ಹೆಸರಿಗೂ ಬರಿಯ ಜಾಗ ಬಿಟ್ಟಿದ್ದರು. ಈ ಬರಿಯ ಜಾಗವನ್ನು ಓದುಗರು ನೆನಪಿನಲ್ಲಿಡಬೇಕು. ಅದರ ವಿಷಯವನ್ನು ಮುಂದೆ ಹೇಳುತ್ತೇನೆ.

ಅದೇ ೧೮೪೩ ರ ಜುಲೈ ತಿಂಗಳಲ್ಲಿ ನಮ್ಮ ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದೂ ಕಲ್ಲಚ್ಚಿನ ಕೆಲಸವೇ. ಭರತಖಂಡದಲ್ಲಿ ದೂರವೆಷ್ಟಿದ್ದರೂ ಒಂದೇ ದರದ ಅಂಚೆಯು ೧೮೫೪ ರಲ್ಲಿಯೂ, ಕಾಲಾಣೆಯ ಪೋಸ್ಟ್ ಕಾರ್ಡು ೧೮೭೯ ರಲ್ಲಿಯೂ ಬಂದವು. ಅಚ್ಚೂ ಅಂಚೆಯೂ ಹೀಗೆ ಜೊತೆಯಾಗಿ ನಡೆದುಬಂದವು.

೩. ಅಚ್ಚು ಕೊರೆಯುವ ಕ್ರಮ

ಪೆನ್ಸಿಲಿನ ಗೆರೆಯನ್ನು ಅಳಿಸುವ ರಬ್ಬರಿನ ತುಂಡೇ ನಮ್ಮ ಮುಖ್ಯ ಸಾಮಗ್ರಿ. ಒಂದು ಮರದ ಹಾಲಿನಿಂದಾದ ಈ ಪದಾರ್ಥವು ಸೀಸದ ಗುರುತನ್ನು ಅಳಿಸಬಲ್ಲದೆಂದು ೧೭೭೦ ರಲ್ಲಿ ಬರೆದಿಟ್ಟವರು ಸಭಾಪಾಲಕರೂ ವಿಜ್ಞಾನಿಯೂ ಆಗಿದ್ದ ಜೋಸೆಫ್ ಪ್ರೀಸ್ಟ್ಲಿಯವರು. ಬರಿಯ ರಬ್ಬರು ಸೆಕೆಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಗಂಧಕ ಬೆರೆಸಿ ಕಾಯಿಸಿ ಅದನ್ನು ಗಟ್ಟಿಮಾಡುವ ಕ್ರಮಕ್ಕೆ ಚಾರ್ಲ್ಸ್ ಗುಡ್‌ಇಯರ್ ೧೮೪೪ ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ತರುವಾಯವೇ ಕಚೇರಿಯ ರಬ್ಬರು ಮೊಹರುಗಳು ಸಾಧ್ಯವಾದವು. ಈಗ ಅಂಗಡಿಯಲ್ಲಿ ದೊರೆಯುವ ಅಳಿಸುವ ರಬ್ಬರುಗಳಲ್ಲಿ ಅನೇಕವು ಪ್ಲಾಸ್ಟಿಕ್ಕಿನವು. ಕೊರೆಯುವುದಕ್ಕೆ ಅವೂ ಚೆನ್ನಾಗಿಯೇ ಒದಗುತ್ತವೆ.

ಅಚ್ಚಿನಲ್ಲಿ ಬಲವು ಎಡವಾಗಿಯೂ ಎಡವು ಬಲವಾಗಿಯೂ ಇರಬೇಕೆಂಬುದು ಮೊದಲು ಕಲಿಯತಕ್ಕ ಪಾಠ. ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆಯುವುದು ಮಕ್ಕಳಿಗೆ ಕಷ್ಟ, ಸುಲಭವಾದ ಉಪಾಯವೊಂದುಂಟು. ತೆಳುವಾದ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಚಿತ್ರವನ್ನು ಸರಿಯಾಗಿಯೇ ಬರೆಯಿರಿ. ಬರೆದ ಮುಖವನ್ನು ರಬ್ಬರಿನ ಮೇಲೆ ಕವುಚಿ, ಹಿಂದಿನಿಂದ ಉಗುರಿನಿಂದ ಉಜ್ಜಿರಿ. ಚಿತ್ರವು ತಾನಾಗಿಯೇ ತಿರುವುಮುರುವಾಗಿ ರಬ್ಬರಿಗೆ ಇಳಿಯುತ್ತದೆ. ಕೊರೆದು ಒತ್ತಿದಾಗ ಮತ್ತೆ ನೇರವಾಗುತ್ತದೆ.

ಗೆರೆಗಳನ್ನು ಉಳಿಸಿ ಸುತ್ತಲಿನ ಭಾಗವನ್ನು ತೆಗೆಯಬೇಕು. ಚಾಕುವನ್ನು ಗೆರೆಯಿಂದ ಹೊರಕ್ಕೆ ಓರೆಯಾಗಿ ಹಿಡಿದರೆ ಗೆರೆಯ ಬುಡವು ಅಗಲವಾಗಿ ಉಳಿದು, ಒತ್ತುವಾಗ ಮುರಿಯುವುದಿಲ್ಲ. ದುಂಡಾದ ಗೆರೆ ಬಂದಲ್ಲಿ ಚಾಕುವನ್ನು ನಿಲ್ಲಿಸಿ ರಬ್ಬರನ್ನೇ ತಿರುಗಿಸುತ್ತಾ ಹೋಗಬೇಕು. ನಮ್ಮ ಕನ್ನಡದ ಅಕ್ಷರಗಳು ದುಂಡಾಗಿರುವುದರಿಂದ ಇದು ಬಹಳ ಮುಖ್ಯ. ಒತ್ತಕ್ಷರಗಳಿರುವ ಉದ್ದನೆಯ ಮಾತುಗಳನ್ನು ಕೊರೆಯಲು ಹೋಗದೆ ಒಂದು ಹೂವನ್ನೋ, ನಕ್ಷತ್ರವನ್ನೋ, ಒಂದೇ ಅಕ್ಷರವನ್ನೋ ಆರಿಸಿಕೊಳ್ಳುವುದು ಮೇಲು.

ಸಣ್ಣ ಮಕ್ಕಳ ಕೈಗೆ ಚಾಕು ಕೊಡತಕ್ಕದ್ದಲ್ಲ. ಅವರಿಗೆ ಅಡಿಗೆಮನೆಯೂ ಹಿತ್ತಲೂ ಅಚ್ಚುಗಳನ್ನು ಒದಗಿಸುತ್ತವೆ. ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿಕೊಟ್ಟರೆ ಐದು ಎಸಳಿನ ಹೂವು ಸಿದ್ಧವಾಗಿರುತ್ತದೆ. ಹೊಂಗೆ, ಬೇವು, ಹಿಪ್ಪುನೇರಳೆ, ಶ್ರೀನಿವಾಸಪುರದ ಕಡೆಯವರಿಗಾದರೆ ಮಾವು—ಇವುಗಳ ಎಲೆಗಳ ಬೆನ್ನಿನಲ್ಲಿ ನರಗಳು ಉಬ್ಬಿರುವುದರಿಂದ ಮಸಿಯನ್ನು ಹಿಂಬದಿಗೇ ಹಚ್ಚಬೇಕು. ತರಕಾರಿಯ ಕತ್ತರಿಸಿದ ಮುಖವನ್ನು ಬಟ್ಟೆಯ ಮೇಲೆ ಕವುಚಿಟ್ಟು ನೀರು ಹೀರಿಸಿದ ಮೇಲೆಯೇ ಮಸಿ ತಗಲಿಸಬೇಕು. ಇಲ್ಲವಾದರೆ ಗುರುತು ಹರಡಿಹೋಗುತ್ತದೆ.

೪. ಮಸಿಯ ಗುಣಗಳು

ಮಸಿಗಳಲ್ಲಿ ಎರಡು ಜಾತಿಗಳುಂಟು. ಒಂದರಲ್ಲಿ ಬಣ್ಣವು ದ್ರವದಲ್ಲಿ ಕರಗಿರುತ್ತದೆ. ಅದು ಕಾಗದದೊಳಕ್ಕೆ ಇಳಿದು ಬೇಗ ಒಣಗುತ್ತದೆ. ಆದರೆ ನೀರು ತಗಲಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ಕಚೇರಿಯ ನೇರಳೆ ಮಸಿ ಈ ಜಾತಿಯದು. ಇನ್ನೊಂದರಲ್ಲಿ ಬಣ್ಣದ ನುಣ್ಣನೆಯ ಪುಡಿಯು ಕರಗದೆ ತೇಲುತ್ತಿರುತ್ತದೆ. ಅದು ಕಾಗದದ ಮೇಲೆಯೇ ನಿಂತು ನಿಧಾನವಾಗಿ ಒಣಗುತ್ತದೆ, ಸುಲಭವಾಗಿ ಮಾಸುವುದಿಲ್ಲ. ಮಗುವಿಗೆ ಹಚ್ಚುವ ಕಾಡಿಗೆಯಂತೆ, ಹರಳೆಣ್ಣೆಯ ದೀಪದ ಹೊಗೆಯಿಂದ ಹಿಡಿದ ಕಪ್ಪನ್ನು ಜಾಲಿಯ ಗೋಂದಿನ ನೀರಿನಲ್ಲಿ ಚೆನ್ನಾಗಿ ಅರೆದರೆ ಈ ಎರಡನೆಯ ಜಾತಿಯ ಮಸಿಯಾಗುತ್ತದೆ. ದೀಪದ ಕಪ್ಪು ಇಂಗಾಲವಾದುದರಿಂದ ಬೆಳಕಿಗೆ ಅದು ಬಣ್ಣ ಕಳೆದುಕೊಳ್ಳುವುದಿಲ್ಲ.

ಬೆಳಕಿನಲ್ಲಿ ಮಾಸುವುದಕ್ಕೆ ಬದಲಾಗಿ ಇನ್ನಷ್ಟು ಕಪ್ಪಾಗುವ ಮಸಿಯೂ ಉಂಟು. ಮತದಾರರ ಬೆರಳಿಗೆ ಹಚ್ಚುವ ಮಸಿಯಲ್ಲಿ ಬೆಳ್ಳಿಯ ಲವಣವಿದ್ದು, ಬೆಳಕು ತಗಲಿದಂತೆ ಅದು ಕಪ್ಪಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ ರಲ್ಲಿ, ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು ೧೯೬೨ ರ ಮಹಾಚುನಾವಣೆಯಿಂದ ಈ ಮಸಿಯನ್ನು ಒದಗಿಸುತ್ತಾ ಬಂದಿದೆ. ಶುಭಾಶಯ ಪತ್ರಕ್ಕೆ ಅದು ಸಲ್ಲದು. ಆದರೆ ಬೆಳಕು ಒಂದು ಮಸಿಯನ್ನು ಅಳಿಸುವುದು, ಇನ್ನೊಂದನ್ನು ಗಾಢಗೊಳಿಸುವುದು ಎಂಬ ಈ ರಸಾಯನ ಪಾಠವು ಮಕ್ಕಳ ಮನಸ್ಸಿನಲ್ಲಿ ಪುಸ್ತಕದಿಂದ ಓದಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ.

೫. ಒತ್ತುವ ಕ್ರಮ

ಏ-೪ ಅಳತೆಯ ದಪ್ಪ ಡ್ರಾಯಿಂಗ್ ಹಾಳೆಯನ್ನು ಅಡ್ಡಲಾಗಿ ಎರಡು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಮಡಿಸಿದರೆ ಸುಮಾರು ೧೦ ಸೆಂಟಿಮೀಟರ್ ಅಗಲ, ೧೫ ಸೆಂಟಿಮೀಟರ್ ಉದ್ದದ ಎರಡು ಪತ್ರಗಳಾಗುತ್ತವೆ. ಮಡಿಸುವ ಮೊದಲು, ಮಸಿ ಮುಗಿದ ಪೆನ್ನಿನ ತುದಿಯಿಂದ ಅಳತೆಪಟ್ಟಿಯ ಅಂಚಿನಲ್ಲಿ ಒಮ್ಮೆ ಗೀರಿದರೆ ಮಡಿಕೆಯು ನೇರವಾಗಿ ಕೂರುತ್ತದೆ. ನುಣುಪಾಗಿ ಹೊಳೆಯುವ ಹಾಳೆಯಲ್ಲಿ ಮಸಿಯು ಬೇಗ ಒಣಗದು. ಒರಟು ಹಾಳೆಯೇ ಉತ್ತಮ.

ಅಚ್ಚನ್ನು ಪ್ಯಾಡಿನ ಮೇಲೆ ಅದುಮದೆ ಹಗುರವಾಗಿ ಎರಡು ಮೂರು ಸಲ ತಟ್ಟಬೇಕು. ಹಾಳೆಯ ಕೆಳಗೆ ಮಡಿಸಿದ ವೃತ್ತಪತ್ರಿಕೆಯೊಂದನ್ನು ಇಟ್ಟುಕೊಂಡು, ನೇರವಾಗಿ ಇಳಿಸಿ, ಅಲುಗಿಸದೆ ಒತ್ತಿ, ನೇರವಾಗಿಯೇ ಎತ್ತಬೇಕು. ಮೊದಲು ತಿಳಿಬಣ್ಣ, ಅದು ಒಣಗಿದ ಮೇಲೆ ಗಾಢಬಣ್ಣ. ಮತ್ತೆ ಮಸಿ ಹಚ್ಚದೆ ಎರಡನೆಯ ಸಲ ಒತ್ತಿದರೆ ಗುರುತು ಮಸುಕಾಗಿ ಬರುತ್ತದೆ. ಹತ್ತಿರದ ಮರಗಳನ್ನು ಮೊದಲನೆಯ ಒತ್ತಿನಿಂದಲೂ ದೂರದ ಮರಗಳನ್ನು ಎರಡನೆಯದರಿಂದಲೂ ತೋರಿಸಬಹುದು. ಹರಿದ ಕಾಗದವನ್ನು ಗುಡ್ಡದ ಆಕಾರದಲ್ಲಿ ಹಾಳೆಯ ಮೇಲಿಟ್ಟು ಅದರ ಅಂಚಿನಲ್ಲಿ ಮಸಿಯ ಸ್ಪಂಜನ್ನು ತಟ್ಟಿದರೆ, ನಮ್ಮ ಸೀಮೆಯ ಬಂಡೆಬೆಟ್ಟಗಳ ಸಾಲು ಮೂಡುತ್ತದೆ.

ಎಸ್ತೇರಳ ಗ್ರಂಥವನ್ನು ಓದಿದವರಿಗೆ, ಅರಸನ ಉಂಗುರದಿಂದ ಮುದ್ರೆಯೊತ್ತಿದ ಆಜ್ಞೆಯನ್ನು ಯಾರೂ ರದ್ದುಮಾಡುವಂತಿರಲಿಲ್ಲವೆಂಬುದು ತಿಳಿದಿದೆ. ಯೆಹೂದ್ಯರನ್ನು ಉಳಿಸಬೇಕಾದಾಗ ಇನ್ನೊಂದು ಆಜ್ಞೆಯನ್ನು ಬರೆಸಿ ಅದಕ್ಕೂ ಮುದ್ರೆಯೊತ್ತಬೇಕಾಯಿತು. ನಮ್ಮ ಅಚ್ಚೂ ಹಾಗೆಯೇ, ಒತ್ತಿದ್ದನ್ನು ಅಳಿಸಲಾಗುವುದಿಲ್ಲ. ಆದುದರಿಂದ ಮೊದಲು ರದ್ದಿ ಕಾಗದದ ಮೇಲೆ ಒತ್ತಿನೋಡುವ ಅಭ್ಯಾಸವಾಗಬೇಕು. ಇಷ್ಟಾದರೂ ಮಸಿ ಬಿದ್ದರೆ, ಅಲ್ಲಿ ಇನ್ನೊಂದು ಎಲೆಯನ್ನೋ ಹಕ್ಕಿಯನ್ನೋ ಒತ್ತಿ ಕೆಟ್ಟದ್ದನ್ನು ಚಿತ್ರದೊಳಗೆ ಸೇರಿಸಿಕೊಳ್ಳುವ ಜಾಣ್ಮೆಯನ್ನೂ ಮಕ್ಕಳು ಕಲಿಯುತ್ತಾರೆ.

೬. ಬರಿಯ ಜಾಗ

ಅಚ್ಚಿನ ಗುಣವೇ ಒಂದನ್ನು ನೂರುಮಾಡುವುದು. ಶುಭಾಶಯವಾದರೋ ಒಬ್ಬರಿಂದ ಒಬ್ಬರಿಗೆ ಹೋಗತಕ್ಕದ್ದು. ಹೆನ್ರಿ ಕೋಲರು ಸಾವಿರ ಪ್ರತಿಗಳನ್ನು ಅಚ್ಚುಮಾಡಿಸಿದರೂ ಹೆಸರಿನ ಜಾಗವನ್ನು ಬರಿದಾಗಿ ಬಿಟ್ಟುದು ಇದಕ್ಕಾಗಿಯೇ. ಈಗಿನ ಕಾಲದಲ್ಲಿ ಹಬ್ಬದ ಬೆಳಗ್ಗೆ ನಮ್ಮ ದೂರವಾಣಿಗಳಿಗೆ ಒಂದೇ ಚಿತ್ರವು ಹತ್ತು ಕಡೆಗಳಿಂದ ಬರುತ್ತದೆ. ಅದರಲ್ಲಿ ನಮ್ಮ ಹೆಸರಿಗೆ ಜಾಗವೇ ಇರುವುದಿಲ್ಲ. ಕಳುಹಿಸಿದವರ ಪ್ರೀತಿಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಒಬ್ಬರನ್ನೇ ನೆನೆದು ಒಂದು ವಾಕ್ಯ ಬರೆಯುವ ಅಭ್ಯಾಸವು ನಮ್ಮ ಹುಡುಗಿಯರಿಗೆ ತಪ್ಪಿಹೋಗಬಾರದು. ಆದುದರಿಂದ ಅಚ್ಚಿಗೆ ಪತ್ರದ ಅರ್ಧಭಾಗ ಮಾತ್ರ, ಉಳಿದರ್ಧವು ಬರಹಕ್ಕೆ ಎಂಬ ನಿಯಮವನ್ನು ತರಗತಿಯಲ್ಲಿ ಇಟ್ಟುಕೊಂಡಿದ್ದೇವೆ. "ಶುಭವಾಗಲಿ" ಎಂದಷ್ಟೇ ಬರೆದರೆ ಸಾಲದು. ಪಡೆಯುವವರಿಗೆ ಮಾತ್ರ ಸಲ್ಲುವ ಒಂದು ಮಾತಾದರೂ ಇರಬೇಕು.

ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರ ಮನೆಮಾತು ತೆಲುಗು. ಕೆಲವರದು ತಮಿಳು ಅಥವಾ ಉರ್ದು. ತಾಯಿಗೆ ಕನ್ನಡದ ಅಕ್ಷರ ತಿಳಿಯದಿದ್ದರೆ ಏನು ಮಾಡಬೇಕೆಂದು ಮಕ್ಕಳು ಕೇಳುತ್ತಾರೆ. ಹಿತ್ತಲಿನ ಹೊಂಗೆಯ ಎಲೆಯನ್ನೂ ಸಾರಿನ ಬೆಂಡೆಕಾಯಿಯ ಹೂವನ್ನೂ ಯಾವ ತಾಯಿ ಗುರುತಿಸಳು? ಬರೆದ ವಾಕ್ಯವನ್ನು ಮಗಳೇ ಪಕ್ಕದಲ್ಲಿ ಕುಳಿತು ಅಮ್ಮನಿಗೆ ಮನೆಮಾತಿನಲ್ಲಿ ಓದಿಹೇಳಲಿ. ತಾಯಿ ಇಷ್ಟಪಟ್ಟರೆ ಅವಳ ಬೆರಳಿನಿಂದಲೂ ಒಂದು ಎಸಳನ್ನು ಒತ್ತಿಸಲಿ. ಅಲ್ಲಿಂದ ಮುಂದೆ ಅಮ್ಮನ ಹೆಸರಿನ ಮೊದಲ ಅಕ್ಷರವನ್ನು ಅವಳಿಗೆ ಕಲಿಸುವುದು ದೂರದ ಕೆಲಸವಲ್ಲ.

ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲವೆಂಬುದು ನಿಜ. ಆದರೂ ಕಣ್ಣಳತೆ, ತಾಳ್ಮೆ, ಮಸಿಯ ರಸಾಯನ, ಅಕ್ಷರದ ಅಂದ, ಒಂದು ವಾಕ್ಯವನ್ನು ಯೋಚಿಸಿ ಬರೆಯುವ ಶಕ್ತಿ ಇವೆಲ್ಲವೂ ವಾರದ ಒಂದು ಗಂಟೆಯಲ್ಲಿ ದೊರೆಯುವುದಾದರೆ ಆ ಗಂಟೆಯು ನಷ್ಟವಲ್ಲವೆಂದು ತಂದೆತಾಯಿಗಳಲ್ಲಿ ವಿನಯದಿಂದ ಅರಿಕೆಮಾಡುತ್ತೇನೆ.

ಪೂರ್ವವಿದ್ಯಾರ್ಥಿನಿಯರಲ್ಲಿಯೂ ಒಂದು ಬೇಡಿಕೆ. ಬರುವ ಕ್ರಿಸ್ಮಸ್ ಹಬ್ಬಕ್ಕಾಗಲಿ, ಯುಗಾದಿಗಾಗಲಿ, ರಂಜಾನಿಗಾಗಲಿ, ನಿಮಗೆ ಅಕ್ಷರ ಕಲಿಸಿದ ಒಬ್ಬ ಉಪಾಧ್ಯಾಯಿನಿಗೆ ನಿಮ್ಮ ಕೈಯಿಂದಲೇ ಒಂದು ಪತ್ರವನ್ನು ಮಾಡಿ ಅಂಚೆಗೆ ಹಾಕಿರಿ. ಅಚ್ಚು ವಕ್ರವಾದರೂ ಚಿಂತೆಯಿಲ್ಲ. ಹೆಸರನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ. ಕರ್ತನ ಕೃಪೆಯು ನಿಮ್ಮ ಮನೆಗಳ ಮೇಲೆ ಇರಲಿ.